ಮನೆಯಲ್ಲೊಂದು ನಾಯಿ



ಒಬ್ಬ ಮನುಷ್ಯನನ್ನು ಹೀನಾಯವಾಗಿ ಬಯ್ಯಬೇಕೆಂದು ತೋರಿದಾಗ ನಮ್ಮ ಜನರ ನಾಲಗೆಗೆ ಮೊದಲು ಬರುವ ಮಾತು 'ನಾಯಿ' ಎಂಬುದು. ಕಷ್ಟದ ಬಾಳು ನಾಯಿಪಾಡು. ಸಣ್ಣತನದ ನಡತೆ ನಾಯಿಬುದ್ಧಿ. ತಿದ್ದಲಾಗದ ಸ್ವಭಾವಕ್ಕೆ ಉಪಮಾನವು ನಾಯಿಯ ಬಾಲ. ಇಷ್ಟಾದರೂ, ಹೀಗೆ ಬಯ್ಯುವವರೇ ರಾತ್ರಿಯ ಊಟವಾದ ಮೇಲೆ ಒಂದು ಹಿಡಿ ಅನ್ನವನ್ನು ಕಲಸಿಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ, 'ಬಾರೋ ಕರಿಯ' ಎಂದು ಕರೆಯುವುದುಂಟು. ಆಗ ಅವರ ದನಿಯಲ್ಲಿ ಕೇಳಿಬರುವ ಮಾರ್ದವವು ಹಗಲೆಲ್ಲ ಅವರ ಮನೆಯವರಿಗೂ ದೊರೆತಿರಲಾರದು. ನಾಲಗೆ ನಿಂದಿಸುವ ಪ್ರಾಣಿಯನ್ನು ಕೈ ಸಾಕುತ್ತದೆ. ಇವೆರಡರಲ್ಲಿ ನಾಲಗೆಗಿಂತ ಕೈಯೇ ಹೆಚ್ಚು ವಿವೇಕವುಳ್ಳದ್ದೆಂದು ನನ್ನ ನಂಬಿಕೆ. ಸಾಕಿದ ನಾಯಿಯಿಂದ ನಮ್ಮ ನಿತ್ಯಜೀವನಕ್ಕೆ ಒದಗುವ ಸಂಪತ್ತು ಎಂಥದು ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ನಾಯಿಯನ್ನು ಏಕೆ ಸಾಕಿದ್ದೀರಿ ಎಂದು ಯಾರನ್ನಾದರೂ ಕೇಳಿದರೆ, ಕಾವಲಿಗೆ ಎಂಬ ಉತ್ತರವೇ ಸಾಮಾನ್ಯವಾಗಿ ಬರುವುದು. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಕಳ್ಳನ ಹೆಜ್ಜೆ ನಮಗೆ ಕೇಳಿಸುವುದಕ್ಕೆ ಬಹಳ ಮೊದಲೇ ಅದಕ್ಕೆ ಕೇಳಿಸುತ್ತದೆ. ಆದರೆ ಕಾವಲಿಗೆಂದು ತಂದ ನಾಯಿ ಮೊದಲನೆಯ ಮಳೆಗಾಲದಲ್ಲಿಯೇ ಅಂಗಳದಿಂದ ಜಗಲಿಗೂ, ಎರಡನೆಯ ಮಳೆಗಾಲದಲ್ಲಿ ಜಗಲಿಯಿಂದ ನಡುಮನೆಗೂ ಬಂದುಬಿಟ್ಟಿರುತ್ತದೆ. ಬಾಗಿಲ ಹೊರಗೆ ಇರಬೇಕಾದ ಕಾವಲುಗಾರನು ಯಜಮಾನನ ಕುರ್ಚಿಯ ಕೆಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದರೂ ಯಾರೂ ಅವನನ್ನು ಕೆಲಸದಿಂದ ತೆಗೆದುಹಾಕುವುದಿಲ್ಲ. ಇದರಿಂದ ತಿಳಿಯುವುದೇನೆಂದರೆ, ಕಾವಲು ಎಂಬುದು ನಾವು ಹೇಳಿಕೊಳ್ಳುವ ಕಾರಣವೇ ಹೊರತು ನಿಜವಾದ ಕಾರಣವಲ್ಲ. ನಾಯಿಯಿಂದ ನಮಗಾಗುವ ಉಪಕಾರವನ್ನು ಅದು ಮಾಡಿಕೊಡುವ ಕೆಲಸದಲ್ಲಿ ಮಾತ್ರ ಹುಡುಕಿದರೆ ದೊರೆಯಲಾರದು. ಅದು ನಮ್ಮಿಂದ ಏನನ್ನು ಕೇಳುತ್ತದೆಯೋ ಆ ಕೇಳಿಕೆಯಲ್ಲಿಯೇ ಅದರ ದೊಡ್ಡ ಉಪಕಾರ ಅಡಗಿದೆ. ಈ ಮಾತು ಮೊದಲು ವಿಪರೀತವಾಗಿ ತೋರಬಹುದು. ಆದುದರಿಂದ ಸ್ವಲ್ಪ ವಿವರಿಸುತ್ತೇನೆ.

ಮನುಷ್ಯನಿಗೂ ನಾಯಿಗೂ ಉಂಟಾದ ಸ್ನೇಹವು ಬಹು ಪುರಾತನವಾದುದು. ಗೋವು, ಕುದುರೆ, ಕೋಳಿಗಳು ಮನೆಗೆ ಬರುವುದಕ್ಕೆ ಸಾವಿರಾರು ವರ್ಷಗಳ ಹಿಂದೆಯೇ, ಮನುಷ್ಯನು ಉಳುಮೆಯನ್ನು ಕಲಿಯುವುದಕ್ಕೂ ಮುಂಚೆಯೇ, ತೋಳದ ವಂಶದ ಈ ಪ್ರಾಣಿ ಅವನ ಬೆಂಕಿಯ ಬಳಿ ಬಂದು ಕುಳಿತಿತ್ತು. ಜರ್ಮನಿ ದೇಶದ ಬಾನ್ ನಗರದ ಹತ್ತಿರ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಒಂದು ಹಳೆಯ ಸಮಾಧಿ ದೊರೆಯಿತು. ಅದು ಸುಮಾರು 14,000 ವರ್ಷಗಳಷ್ಟು ಹಿಂದಿನದು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಇವರೊಡನೆ ಒಂದು ಎಳೆಯ ನಾಯಿ. ಆ ನಾಯಿಯ ಹಲ್ಲುಗಳನ್ನು ಪರೀಕ್ಷಿಸಿದ ವಿದ್ವಾಂಸರು 2018ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಸತ್ತಾಗ ಅದಕ್ಕೆ ಸುಮಾರು ಏಳು ತಿಂಗಳು ವಯಸ್ಸು. ಅದಕ್ಕೆ ಮುಂಚೆ ಮರಿಗಳಿಗೆ ಬರುವ ಒಂದು ಭಯಂಕರವಾದ ರೋಗದಿಂದ ಅದು ಹಲವು ವಾರಗಳ ಕಾಲ ನರಳಿರಬೇಕು. ಯಾರೂ ಶುಶ್ರೂಷೆ ಮಾಡದೆ ಇದ್ದಿದ್ದರೆ ಅಷ್ಟು ದಿನ ಬದುಕಿರುವುದೇ ಅಸಂಭವ ಎಂದು ಅವರ ಅಭಿಪ್ರಾಯ. ರೋಗದ ಮರಿಯಿಂದ ಬೇಟೆಗೆ ಏನು ಪ್ರಯೋಜನ? ಕಾವಲಿಗೆ ಏನು ಪ್ರಯೋಜನ? ಅಕ್ಷರವನ್ನೂ ನೇಗಿಲನ್ನೂ ಕಾಣದ ಆ ಜನರು ನಿಷ್ಪ್ರಯೋಜಕವಾದ ಒಂದು ಮರಿಗೆ ನೀರುಣಿಸಿ, ಬೆಚ್ಚಗಿಟ್ಟು, ಕೊನೆಗೆ ತಮ್ಮವರ ಪಕ್ಕದಲ್ಲಿಯೇ ಮಣ್ಣು ಮಾಡಿದರು. ನಾಯಿಯನ್ನು ಪ್ರಯೋಜನದ ತಕ್ಕಡಿಯಲ್ಲಿ ತೂಗದ ಮನಸ್ಸು ಈಚಿನ ಶೋಕಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅಷ್ಟು ದೂರ ಹೋಗುವುದೇಕೆ? ನಮ್ಮ ಕನ್ನಡನಾಡಿನಲ್ಲಿಯೇ ಇಂಥ ಸಾಕ್ಷಿಯುಂಟು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಗ್ರಾಮವಿದೆ. ಅಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಒಂದು ವೀರಗಲ್ಲು ಶಕವರ್ಷ 872ಕ್ಕೆ, ಎಂದರೆ ಕ್ರಿಸ್ತಶಕ 949-50ಕ್ಕೆ ಸೇರಿದ್ದು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಸೇರಿ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದ ಸಂಗತಿ ಆ ಶಾಸನದಲ್ಲಿದೆ. ಆ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೆರನೆಂಬ ವೀರನಿಗೆ ಅವನ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದನಂತೆ. ಮಣಲೆರನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಹೆಸರಿನ ಒಂದು ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಬೆಟ್ಟದಲ್ಲಿ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು. ಎರಡೂ ಅಲ್ಲಿಯೇ ಸತ್ತವು. ಮಣಲೆರನು ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಅದಕ್ಕೆಂದು ಭೂಮಿಯನ್ನು ಬಿಟ್ಟನು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಅಲ್ಲಿಯ ಗೊರವನು ಉಣ್ಣಬಾರದೆಂದು ಕೂಡ ವಿಧಿಸಿದ್ದಾನೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವನ್ನು ಇಂದಿಗೂ ನೋಡಬಹುದು. ಸಾಮ್ರಾಜ್ಯಗಳ ಜಯಾಪಜಯಗಳನ್ನು ಕೆತ್ತಿದ ಕಲ್ಲಿನಲ್ಲಿಯೇ ಒಂದು ನಾಯಿಯ ಹೆಸರನ್ನೂ ಕೆತ್ತಿಸಿದ ನಾಡು ನಮ್ಮದು. 'ನಾಯಿಪಾಡು' ಎಂಬ ಮಾತನ್ನು ಆಡುವಾಗ ಕಾಳಿಯ ಪಾಡನ್ನೂ ನಾವು ನೆನೆಯುವುದು ನ್ಯಾಯ.

ಮಹಾಭಾರತವನ್ನು ಬಲ್ಲವರಿಗೆ ಇನ್ನೊಂದು ಮಾತನ್ನು ಜ್ಞಾಪಿಸುತ್ತೇನೆ. ಆ ಮಹಾಗ್ರಂಥದ ಆದಿಪರ್ವದ ಮೊದಮೊದಲಲ್ಲಿಯೇ ಒಂದು ನಾಯಿ ಬರುತ್ತದೆ. ಜನಮೇಜಯನ ಯಾಗಶಾಲೆಗೆ ಬಂದ ಸರಮೆಯ ಮಗನನ್ನು, ಅದು ಹವಿಸ್ಸನ್ನು ಮುಟ್ಟದೆ ನೋಡದೆ ಇದ್ದರೂ, ರಾಜನ ತಮ್ಮಂದಿರು ಹೊಡೆದು ಅಟ್ಟುತ್ತಾರೆ. ನಿರಪರಾಧಿಯನ್ನು ಹೊಡೆದುದಕ್ಕಾಗಿ ತಾಯಿ ಸರಮೆ ಶಪಿಸುತ್ತಾಳೆ. ರಾಜನು ಭಯಗೊಂಡು ತಕ್ಕ ಪುರೋಹಿತನನ್ನು ಹುಡುಕುತ್ತ ಹೊರಡುತ್ತಾನೆ. ಗ್ರಂಥದ ಕೊನೆಯ ಭಾಗದಲ್ಲಿ, ಮಹಾಪ್ರಸ್ಥಾನದಲ್ಲಿ, ಇನ್ನೊಂದು ನಾಯಿ. ಹಸ್ತಿನಾವತಿಯಿಂದ ಹಿಂಬಾಲಿಸಿ ಬಂದ ಅದನ್ನು ಬಿಟ್ಟು ರಥವನ್ನು ಏರೆಂದು ಇಂದ್ರನು ಹೇಳಿದರೂ, ನಂಬಿ ಬಂದವರನ್ನು ತ್ಯಜಿಸುವುದು ಮಹಾಪಾತಕವೆಂದು ಯುಧಿಷ್ಠಿರನು ಸ್ವರ್ಗವನ್ನೇ ನಿರಾಕರಿಸುತ್ತಾನೆ. ಮೊದಲಲ್ಲಿ ಅನ್ಯಾಯವಾಗಿ ಏಟು ತಿಂದ ನಾಯಿ. ಕಡೆಯಲ್ಲಿ ಕೈಬಿಡದೆ ಉಳಿಸಿಕೊಂಡ ನಾಯಿ. ಇವೆರಡರ ನಡುವೆ ಧರ್ಮದ ಕಥೆಯೆಲ್ಲವೂ ನಡೆಯುತ್ತದೆ. ಕೊನೆಯ ನಾಯಿ ಧರ್ಮದೇವತೆಯೇ ಆಗಿತ್ತೆಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ ಯುಧಿಷ್ಠಿರನಿಗೆ ಅದು ಮೊದಲೇ ತಿಳಿದಿರಲಿಲ್ಲ. ಅವನು ನಾಯಿಯನ್ನು ನಾಯಿಯೆಂದೇ ತಿಳಿದು ಉಳಿಸಿಕೊಂಡನು. ಅವನ ಹಿರಿಮೆ ಇರುವುದು ಅಲ್ಲಿ.

ಇನ್ನು ಪುರಾಣದಿಂದ ಪಡಸಾಲೆಗೆ ಬರೋಣ. ನಾಯಿ ಇರುವ ಮನೆಯಲ್ಲಿ ಬೆಳಗಾಗುವ ಬಗೆಯೇ ಬೇರೆ. ನಮ್ಮಲ್ಲಿ ಅನೇಕರು ಬ್ರಾಹ್ಮೀಮುಹೂರ್ತದಲ್ಲಿ ಏಳಬೇಕೆಂದು ವರ್ಷಕ್ಕೊಮ್ಮೆ ಸಂಕಲ್ಪ ಮಾಡಿ ಮೂರು ದಿನ ನಡಸಿ ಬಿಡುತ್ತೇವೆ. ನಾಯಿಗೆ ಸಂಕಲ್ಪವಿಲ್ಲ, ವಿಕಲ್ಪವೂ ಇಲ್ಲ. ಹೊತ್ತಿಗೆ ಸರಿಯಾಗಿ ಬಂದು, ತಣ್ಣನೆಯ ಮೂಗನ್ನು ಅಂಗೈಗೆ ತಗುಲಿಸುತ್ತದೆ. ಭಾನುವಾರವೆಂದಾಗಲಿ, ಹಿಂದಿನ ರಾತ್ರಿ ನಾಟಕಕ್ಕೆ ಹೋಗಿ ತಡವಾಯಿತೆಂದಾಗಲಿ ಅದರ ಮುಂದೆ ಅಹವಾಲು ನಡೆಯುವುದಿಲ್ಲ. ವೈದ್ಯರು ಹೇಳಿದರೂ ನಡೆಯದವರು ನಾಯಿ ಹೇಳಿದರೆ ನಡೆಯುತ್ತಾರೆ. ಹೀಗೆ ಹೊರಟವನಿಗೆ ನಡಿಗೆಯ ಜೊತೆಗೆ ಇತರ ಲಾಭಗಳೂ ಇವೆ. ಹತ್ತು ವರ್ಷ ಒಂದೇ ಬೀದಿಯಲ್ಲಿದ್ದು ಒಬ್ಬರನ್ನೊಬ್ಬರು ಮಾತನಾಡಿಸದ ಇಬ್ಬರು ಗೃಹಸ್ಥರು, ತಮ್ಮ ನಾಯಿಗಳು ಮೂಸಿಕೊಂಡು ನಿಂತುದರಿಂದ ವಿಧಿಯಿಲ್ಲದೆ ನಿಲ್ಲಬೇಕಾಗಿ ಬಂದು, 'ಇದಕ್ಕೆ ಎಷ್ಟು ವರ್ಷ?' ಎಂದು ಆರಂಭಿಸಿ ಕೊನೆಗೆ ಮಕ್ಕಳ ಮದುವೆಯ ಮಾತಿನವರೆಗೆ ಹೋಗುವುದನ್ನು ನೋಡಿದ್ದೇನೆ.

ನಡಿಗೆಯಲ್ಲಿ ನಾಯಿ ಪದೇಪದೇ ನಿಲ್ಲುತ್ತದೆ. ಅವಸರದವರಿಗೆ ಇದು ಬೇಸರ. ಆದರೆ ಅದು ನಿಲ್ಲುವುದು ಓದುವುದಕ್ಕಾಗಿ. ನಾವು ಕಣ್ಣಿನಿಂದ ಅರಿಯುವ ಲೋಕವನ್ನು ಅದು ಮೂಗಿನಿಂದ ಅರಿಯುತ್ತದೆ. ಅದರ ಕಣ್ಣಿಗೆ ನೀಲಿ ಹಳದಿಗಳು ಬೇರೆಬೇರೆಯಾಗಿ ತೋರುತ್ತವೆ; ಕೆಂಪು ಹಸುರುಗಳ ಭೇದ ಚೆನ್ನಾಗಿ ತಿಳಿಯದು. ಆದರೆ ಅದರ ಘ್ರಾಣಶಕ್ತಿಯ ಮುಂದೆ ನಾವು ಕುರುಡರೇ ಸರಿ. ರಾತ್ರಿ ಯಾವ ನಾಯಿ ಬಂದಿತ್ತು, ಯಾವ ಕಡೆ ಹೋಯಿತು ಎಂಬುದೆಲ್ಲ ಒಂದು ಕಂಬದ ಬುಡದಲ್ಲಿ ಅದಕ್ಕೆ ದೊರೆಯುವ ಸಮಾಚಾರ. ನಮ್ಮ ಕಾಲಬಳಿಯಲ್ಲಿಯೇ ನಮಗೆ ಕಾಣದ ಒಂದು ಲೋಕವಿದೆ ಎಂಬ ಅರಿವು ದಿನವೂ ಬೆಳಗ್ಗೆ ಬಿಟ್ಟಿಯಾಗಿ ಬರುವುದಾದರೆ, ಅದು ಅಹಂಕಾರಕ್ಕೆ ಒಳ್ಳೆಯ ಔಷಧವಲ್ಲವೆ?

ಭಾಷೆಯ ಮಾತನ್ನೂ ಸ್ವಲ್ಪ ಹೇಳಬೇಕು. ನಮ್ಮ ಜನಕ್ಕೆ ಒಂದು ವಿಚಿತ್ರವಾದ ಅಭ್ಯಾಸವಿದೆ. ಮನೆಯಲ್ಲೆಲ್ಲ ಅಚ್ಚಗನ್ನಡವನ್ನು ಆಡುವವರೂ ನಾಯಿಗೆ ಟಾಮಿ ಎಂದೋ ಟೈಗರ್ ಎಂದೋ ಹೆಸರಿಟ್ಟು, 'ಕಮ್', 'ಸಿಟ್', 'ಗೋ' ಎಂದು ಇಂಗ್ಲಿಷಿನಲ್ಲಿಯೇ ಅಪ್ಪಣೆ ಕೊಡಿಸುತ್ತಾರೆ. ಹಾಸನದ ಸಂತೆಯ ಬಳಿ ಹುಟ್ಟಿದ ಕೆಂಚನಿಗೆ ಇಂಗ್ಲಿಷು ಹೇಗೆ ಬಂದೀತೆಂಬ ಯೋಚನೆ ಅವರಿಗಿಲ್ಲ. ಪಾಪ, ಅದು ಆ ಭಾಷೆಯನ್ನೂ ಕಲಿತುಕೊಳ್ಳುತ್ತದೆ! ಏಕೆಂದರೆ ಅದು ಶಬ್ದಕ್ಕಿಂತ ದನಿಯನ್ನೂ, ದನಿಗಿಂತ ಮುಖವನ್ನೂ ಹೆಚ್ಚಾಗಿ ಓದುತ್ತದೆ. ನಾವು ಬೆರಳು ತೋರಿಸಿದ ಕಡೆ ನೋಡಿ ಅಲ್ಲಿರುವ ವಸ್ತುವನ್ನು ಹುಡುಕುವ ಶಕ್ತಿ ನಾಯಿಮರಿಗೇ ಇದೆ; ಬುದ್ಧಿಯಲ್ಲಿ ನಮಗೆ ಸಮೀಪವೆನಿಸಿದ ಚಿಂಪಾಂಜಿಯೂ ಇದರಲ್ಲಿ ಅದಕ್ಕೆ ಹಿಂದೆ. ಜಪಾನಿನ ವಿಜ್ಞಾನಿಗಳು 2015ರಲ್ಲಿ ಇನ್ನೊಂದು ವಿಷಯವನ್ನು ಕಂಡರು. ನಾಯಿಯೂ ಅದರ ಯಜಮಾನನೂ ಒಬ್ಬರ ಕಣ್ಣನ್ನೊಬ್ಬರು ನೋಡುತ್ತಿರುವಾಗ, ತಾಯಿಗೂ ಎಳೆಗೂಸಿಗೂ ನಡುವೆ ವಾತ್ಸಲ್ಯವನ್ನು ಬೆಳಸುವ ಆಕ್ಸಿಟೋಸಿನ್ ಎಂಬ ರಸವು ಇಬ್ಬರ ದೇಹದಲ್ಲಿಯೂ ಹೆಚ್ಚುತ್ತದಂತೆ. ಕೈಯಾರೆ ಸಾಕಿದ ತೋಳಗಳಲ್ಲಿ ಇದು ಕಂಡುಬರಲಿಲ್ಲ. ನಾಯಿಯ ಕಣ್ಣನ್ನು ನೋಡಿ ಮನಸ್ಸು ಕರಗಿತೆಂದು ಹೇಳುವವರನ್ನು ಹಾಸ್ಯ ಮಾಡುವವರು ಇನ್ನು ಮುಂದೆ ಸ್ವಲ್ಪ ತಡೆದು ಮಾತನಾಡಬೇಕು.

ಸಂಜೆ ಮನೆಗೆ ಬರುವ ಹೊತ್ತನ್ನು ನೆನೆಯಿರಿ. ದಿನವೆಲ್ಲ ಕಚೇರಿಯಲ್ಲಿಯೋ ಅಂಗಡಿಯಲ್ಲಿಯೋ ದುಡಿದು, ಯಾರದೋ ಮಾತಿಗೆ ನೊಂದು, ನಾಲ್ಕು ಕಡೆ ಬಾಗಿ ಬಂದಿದ್ದೇವೆ. ಬಾಗಿಲಲ್ಲಿ ಒಂದು ಪ್ರಾಣಿ ನಮ್ಮ ಹೆಜ್ಜೆಯನ್ನು ಗುರುತಿಸಿ, ಇಡೀ ಮೈಯನ್ನೇ ಬಾಲವಾಗಿ ಮಾಡಿಕೊಂಡು ಕುಣಿಯುತ್ತದೆ. ನಮ್ಮ ಸಂಬಳ ಎಷ್ಟು, ಈ ದಿನ ಗೆದ್ದೆವೋ ಸೋತೆವೋ ಎಂಬ ಪ್ರಶ್ನೆ ಅದಕ್ಕಿಲ್ಲ. ಬಂದೆವು, ಅಷ್ಟು ಸಾಕು. ನಾನು ಬಲ್ಲ ವೃದ್ಧ ಉಪಾಧ್ಯಾಯರೊಬ್ಬರು ಪತ್ನಿ ತೀರಿಕೊಂಡ ಮೇಲೆ ಅಡಿಗೆಯನ್ನೇ ಬಿಟ್ಟಿದ್ದರು. ಬಾಳೆಹಣ್ಣು, ಕಾಫಿಗಳಲ್ಲಿ ದಿನವನ್ನು ನೂಕುತ್ತಿದ್ದರು. ಮಗನು ಎಷ್ಟು ಹೇಳಿದರೂ ಅವರ ಒಲೆ ಉರಿಯಲಿಲ್ಲ. ಆಕೆ ಸಾಕಿದ್ದ ನಾಯಿ ಮಾತ್ರ ಹೊತ್ತು ಹೊತ್ತಿಗೆ ಬಂದು ತಟ್ಟೆಯ ಮುಂದೆ ಕುಳಿತು ಅವರ ಮುಖವನ್ನು ನೋಡುತ್ತಿತ್ತು. ಅದಕ್ಕೆಂದು ಒಂದು ಪಾವು ಅಕ್ಕಿ ಬೇಯಿಸತೊಡಗಿದರು. ಬೆಂದ ಅನ್ನದಲ್ಲಿ ತಾವೂ ಉಂಡರು. 'ನಾನು ಅದನ್ನು ಸಾಕುತ್ತಿದ್ದೇನೆಂದು ಜನ ಹೇಳುತ್ತಾರೆ. ಲೆಕ್ಕ ತಲೆಕೆಳಗಾಗಿದೆ' ಎಂದು ಅವರು ನಗುತ್ತಿದ್ದರು. ನಾಯಿಯ ಕೇಳಿಕೆಯಲ್ಲಿಯೇ ಅದರ ಉಪಕಾರವಿದೆ ಎಂದು ನಾನು ಮೊದಲು ಹೇಳಿದ ಮಾತಿನ ಅರ್ಥ ಇದೇ. ನಮ್ಮನ್ನು ಬೇಕೆನ್ನುವ ಜೀವವೊಂದು ಇದ್ದರೆ ನಾವು ಬದುಕಿಗೆ ಬೇಕಾದವರಾಗಿಯೇ ಉಳಿಯುತ್ತೇವೆ.

ಮಕ್ಕಳಿಗಂತೂ ನಾಯಿ ಒಂದು ಪಾಠಶಾಲೆ. ಬಾಯಿಲ್ಲದ ಪ್ರಾಣಿಗೆ ಬಾಯಾರಿಕೆಯಾಗಿದೆ ಎಂಬುದನ್ನು ಮಗು ತಾನೇ ಊಹಿಸಿ ತಿಳಿಯಬೇಕು. ಇನ್ನೊಬ್ಬರ ನೋವನ್ನು ಊಹಿಸುವ ಈ ಅಭ್ಯಾಸವೇ ಸಜ್ಜನಿಕೆಯ ಬೀಜ. ಆದರೆ ಮಗುವಿಗೆ ಎರಡು ನಿಯಮಗಳನ್ನು ಮೊದಲೇ ಕಲಿಸಬೇಕು: ಉಣ್ಣುವ ನಾಯಿಯನ್ನೂ ಮಲಗಿದ ನಾಯಿಯನ್ನೂ ಕೆಣಕಬಾರದು. ತೀರ ಎಳೆಯ ಮಕ್ಕಳನ್ನು ನಾಯಿಯೊಡನೆ ಒಂಟಿಯಾಗಿ ಬಿಡುವುದೂ ತರವಲ್ಲ.

ಇಷ್ಟು ಹೊಗಳಿದ ಮೇಲೆ ಋಣದ ಮಾತನ್ನು ಹೇಳದಿದ್ದರೆ ಭಾಷಣವು ಅರ್ಧವಾದೀತು. ಮೊದಲನೆಯದು, ಹುಚ್ಚುನಾಯಿಯ ಕಡಿತದ ರೋಗ. ಲಕ್ಷಣಗಳು ತೋರಿದ ಮೇಲೆ ಈ ರೋಗದಿಂದ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಲಕ್ಷಣಗಳು ತೋರುವ ಮೊದಲು ಚಿಕಿತ್ಸೆ ಮಾಡಿದರೆ ತಡೆಯುವುದು ಸಾಧ್ಯ. ಫ್ರಾನ್ಸಿನ ಲೂಯಿ ಪಾಸ್ಚರ್ ಮಹಾಶಯನು 1885ರಲ್ಲಿ ಇದಕ್ಕೆ ಲಸಿಕೆಯನ್ನು ಮೊದಲು ಮನುಷ್ಯನ ಮೇಲೆ ಪ್ರಯೋಗಿಸಿದನು. ದಕ್ಷಿಣದಲ್ಲಿ ನಮಗೆ ಸಮೀಪವಾದ ಕೂನೂರಿನಲ್ಲಿ 1907ರಲ್ಲಿಯೇ ಪಾಸ್ಚರ್ ಸಂಸ್ಥೆ ಸ್ಥಾಪಿಸಲ್ಪಟ್ಟಿತು. ಆದುದರಿಂದ ಮರಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ತಪ್ಪದೆ ಹಾಕಿಸುತ್ತಿರಬೇಕು. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಕೂಡಲೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ, ಮಂತ್ರಗಳಲ್ಲಿ ಕಾಲವನ್ನು ಕಳೆಯುವುದು ಪ್ರಾಣವನ್ನೇ ಕಳೆದಂತೆ.

ಎರಡನೆಯದು, ಆಹಾರ. ನಾವು ಉಣ್ಣುವುದೆಲ್ಲ ಅದಕ್ಕೆ ಹಿತವಲ್ಲ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು, ಇವು ನಾಯಿಗೆ ವಿಷ. ಈರುಳ್ಳಿಯ ಹುಳಿ ಕಲಸಿದ ಅನ್ನವನ್ನು ಪ್ರೀತಿಯಿಂದಲೇ ಹಾಕಿ ಅದರ ರಕ್ತವನ್ನು ಕೆಡಿಸುವುದುಂಟು. ಮೂರನೆಯದು, ಆಯ್ಕೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆಯನ್ನು ಚಾಚಿ ಏದುವುದರಿಂದಲೇ ಅದು ಕಾವನ್ನು ಕಳೆದುಕೊಳ್ಳುತ್ತದೆ. ಹಿಮದ ನಾಡಿನ ದಪ್ಪ ತುಪ್ಪಟದ ನಾಯಿಯನ್ನು ಅಂದಕ್ಕಾಗಿ ತಂದು ರಾಯಚೂರಿನ ಬಿಸಿಲಿನಲ್ಲಿ ಕಟ್ಟಿಹಾಕುವುದು ಪ್ರೀತಿಯಲ್ಲ, ಶಿಕ್ಷೆ. ನಮ್ಮಲ್ಲಿಯೇ ಹುಟ್ಟಿದ ಊರನಾಯಿಯ ಮರಿ ಎಷ್ಟು ಜಾಣ, ಎಷ್ಟು ಗಟ್ಟಿ ಎಂಬುದನ್ನು ಸಾಕಿದವರೇ ಬಲ್ಲರು. ನಮ್ಮ ಮುಧೋಳದ ಬೇಟೆನಾಯಿಯ ಓಟವೂ ಮೈಕಟ್ಟೂ ಪ್ರಸಿದ್ಧ. 2005ರಲ್ಲಿ ಭಾರತದ ಅಂಚೆಯ ಇಲಾಖೆಯು ಅದರ ಚಿತ್ರವುಳ್ಳ ಅಂಚೆಚೀಟಿಯನ್ನೇ ಹೊರಡಿಸಿತು. ಆದರೆ ಓಡುವುದಕ್ಕೆಂದು ಹುಟ್ಟಿದ ಅದನ್ನು ಓಡಲು ಬಯಲಿಲ್ಲದವರು ತರಬಾರದು. ನಾಲ್ಕನೆಯದು, ನೆರೆಯವರು. ನಮ್ಮ ನಾಯಿ ನಮಗೆ ಮುದ್ದು. ಅದರ ರಾತ್ರಿಯ ಸಂಗೀತವೂ ಬೀದಿಯ ಮೇಲಿನ ಅದರ ಹೊಲಸೂ ನೆರೆಯವರಿಗೆ ಮುದ್ದಾಗಬೇಕೆಂಬ ನಿಯಮವಿಲ್ಲ. ಅದನ್ನು ಶುಚಿಮಾಡುವ ಕೆಲಸ ಸಾಕಿದವನದೇ.

ಕಟ್ಟಕಡೆಯ ಋಣವೇ ಎಲ್ಲಕ್ಕಿಂತ ಭಾರವಾದದ್ದು. ನಾಯಿಯ ಆಯುಸ್ಸು ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷ. ಮಗುವಿನೊಡನೆ ಮರಿಯಾಗಿ ಮನೆಗೆ ಬಂದದ್ದು, ಆ ಮಗು ಹೈಸ್ಕೂಲು ಮುಗಿಸುವ ಹೊತ್ತಿಗೆ ಮುದುಕನಾಗಿರುತ್ತದೆ. ಮೂತಿ ನರೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಕರೆದರೆ ಕೇಳಿಸದು, ಜಗಲಿಯ ಮೆಟ್ಟಿಲನ್ನು ಏರಲಾರದು. ನಾಯಿಯನ್ನು ಸಾಕಿದವನ ಯೋಗ್ಯತೆ ನಿಶ್ಚಯವಾಗುವುದು ಈಗ. ಮುದ್ದಾದ ಮರಿಯನ್ನು ಯಾರಾದರೂ ಎತ್ತಿಕೊಂಡಾರು. ಆದರೆ ವರ್ಗವಾಯಿತೆಂದೋ, ಹೊಸ ಮನೆಯಲ್ಲಿ ಸ್ಥಳವಿಲ್ಲವೆಂದೋ, ಮುದಿಯಾಯಿತೆಂದೋ ಹೇಳಿ, ಹತ್ತು ವರ್ಷ ಬಾಗಿಲು ಕಾಯ್ದ ಪ್ರಾಣಿಯನ್ನು ಗಾಡಿಯಲ್ಲಿ ಒಯ್ದು ದೂರದ ಊರಿನಲ್ಲಿ ಇಳಿಸಿ ಬರುವವರಿದ್ದಾರೆ. ಗಾಡಿ ಹೋದ ದಾರಿಯನ್ನೇ ನೋಡುತ್ತ ಅದು ಕುಳಿತಿರುತ್ತದೆ, ತನ್ನನ್ನು ಬಿಟ್ಟುಹೋದರು ಎಂಬ ಭಾವನೆಯೇ ಅದಕ್ಕೆ ಬರುವಂತಿಲ್ಲ, ಬರುತ್ತಾರೆಂದೇ ಕಾಯುತ್ತದೆ. ಯುಧಿಷ್ಠಿರನು ಸ್ವರ್ಗಕ್ಕಾಗಿಯೂ ಮಾಡದ ಕೆಲಸವನ್ನು ನಾವು ಒಂದು ಕೊಠಡಿಗಾಗಿ ಮಾಡಬಾರದು. ಹದಿಮೂರು ವರ್ಷದ ಮಾತು ಕೊಡಲಾರದವರು ಮರಿಯನ್ನು ತಾರದೆ ಇರುವುದೇ ಲೇಸು. ಅಂಥವರು ನೆರೆಮನೆಯ ನಾಯಿಯನ್ನು ಪ್ರೀತಿಸಲಿ, ಅದಕ್ಕೂ ಅಭ್ಯಂತರವಿರದು.

ಹಾಗಾದರೆ ಕೊನೆಗೆ ದುಃಖವನ್ನೇ ತರುವ ಈ ಸ್ನೇಹವೇಕೆ ಎಂದು ಕೇಳಬಹುದು. ಉತ್ತರವು ಸರಳವಾಗಿದೆ. ನಾಯಿ ಸತ್ತ ಮನೆಯಲ್ಲಿ ಕೆಲವು ದಿನ ಬೆಳಗಿನ ಹೊತ್ತು ಕಾಲು ತಾನಾಗಿಯೇ ಬಾಗಿಲ ಕಡೆಗೆ ಹೋಗುತ್ತದೆ. ಊಟದ ಕೊನೆಯಲ್ಲಿ ಕೈ ತಾನಾಗಿಯೇ ಒಂದು ತುತ್ತನ್ನು ಉಳಿಸುತ್ತದೆ. ಹೊತ್ತಿಗೆ ಏಳುವುದು, ಹಸಿದವರನ್ನು ನೆನೆಯುವುದು, ಬಾಯಿಲ್ಲದವರ ಮನಸ್ಸನ್ನು ಊಹಿಸುವುದು, ಬಂದವರನ್ನು ಸಂತೋಷದಿಂದ ಎದುರುಗೊಳ್ಳುವುದು, ಇವೆಲ್ಲ ನಮ್ಮ ಮೈಗೆ ಹತ್ತಿದ ಅಭ್ಯಾಸಗಳು. ಅದು ಹೋದರೂ ಇವು ಉಳಿಯುತ್ತವೆ. ಇವುಗಳನ್ನು ಉಪದೇಶದಿಂದ ಕಲಿಸಲು ಹೊರಟ ಗ್ರಂಥಗಳು ಎಷ್ಟೋ ಇವೆ. ನಾಯಿಯು ಒಂದು ಮಾತನ್ನೂ ಆಡದೆ, ನಮ್ಮ ಮುಖವನ್ನು ನೋಡುತ್ತ ಕುಳಿತು, ಇವನ್ನು ಕಲಿಸಿ ಹೋಗುತ್ತದೆ. ಮಣಲೆರನಂತೆ ಕಲ್ಲು ನಿಲ್ಲಿಸುವ ಶಕ್ತಿ ನಮಗಿಲ್ಲದಿರಬಹುದು. ಹೊತ್ತಿಗೆ ಸರಿಯಾಗಿ ಒಂದು ತಟ್ಟೆ ಅನ್ನ, ಒಂದು ಬೋಗುಣಿ ನೀರು, ಮುಪ್ಪಿನಲ್ಲಿ ಒಂದು ಗೋಣಿಯ ಹಾಸುಗೆ, ಇವನ್ನು ಒದಗಿಸುವ ಶಕ್ತಿ ಎಲ್ಲರಿಗೂ ಇದೆ. ಅಷ್ಟನ್ನು ಮಾಡಿದರೆ, ಅದು ನಮ್ಮಲ್ಲಿಟ್ಟ ನಂಬಿಕೆಗೆ ನಾವು ತಕ್ಕವರಾದೇವು.